ನರದ ಆಜ್ಞೆ, ಸ್ನಾಯುವಿನ ಕೆಲಸ ಮತ್ತು ತೊಗರಿಯ ಎಣ್ಣೆ

(ಘತ್ತರಗಿಯ ರೈತರ ಮುಂದೆ ಮಾಡಿದ ಭಾಷಣ)



ತೊಗರಿ ಹೂವಿಗೆ ಬರುವ ಕಾಲ ಸಮೀಪಿಸಿದೆ. ಕಾಯಿಕೊರಕ ಹುಳುವಿಗೆ ಎಣ್ಣೆ ಹೊಡೆಯುವ ಸಿದ್ಧತೆ ಮನೆಮನೆಯಲ್ಲಿ ನಡೆದಿದೆ. ಆಗ ಪಂಪು ಹೊತ್ತವನ ಮೈಯೊಳಗೆ ಏನಾಗಬಹುದೆಂಬುದನ್ನು ಇಂದು ನಾಲ್ಕು ಮಾತಿನಲ್ಲಿ ತಿಳಿಸುತ್ತೇನೆ.

ಮೊದಲು ನಿಮ್ಮ ಎರಡೂ ಕೈಗಳ ಬೆರಳುಗಳನ್ನು ಎದುರುಬದುರು ಹಿಡಿದು, ಒಂದರ ಸಂದಿಯಲ್ಲಿ ಇನ್ನೊಂದು ಹೋಗುವಂತೆ ಒಳಗೆ ಸರಿಸಿರಿ. ಬೆರಳು ಗಿಡ್ಡವಾಗಲಿಲ್ಲ, ಆದರೂ ಅಂಗೈಗಳು ಹತ್ತಿರ ಬಂದವು. ಸ್ನಾಯು ಕುಗ್ಗುವುದೂ ಹೀಗೆಯೇ. ಅದರೊಳಗೆ ದಪ್ಪ ಎಳೆ, ತೆಳು ಎಳೆ ಎಂದು ಎರಡು ಬಗೆ. ಅವು ಒಂದರ ಮೇಲೊಂದು ಜಾರಿದಾಗ ಸ್ನಾಯು ಗಿಡ್ಡವಾಗಿ ಎಲುಬನ್ನು ಎಳೆಯುತ್ತದೆ. ಇದನ್ನು ವಿಜ್ಞಾನಿಗಳು 1954ರಲ್ಲಿ ತೋರಿಸಿಕೊಟ್ಟರು.

ಜಾರಲು ಆಜ್ಞೆ ಬೇಕು. ಅದನ್ನು ತರುವುದು ನರ. ಆದರೆ ನರದ ತುದಿಗೂ ಸ್ನಾಯುವಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದಿ ಇದೆ. ಅದನ್ನು ದಾಟುವುದು ಹೇಗೆ? 1921ರಲ್ಲಿ ಆಸ್ಟ್ರಿಯ ದೇಶದ ಆಟೋ ಲೋವಿ ಎಂಬವರು ಎರಡು ಕಪ್ಪೆಗಳ ಹೃದಯಗಳನ್ನು ತೆಗೆದುಕೊಂಡರು. ಒಂದರ ನರವನ್ನು ಕೆರಳಿಸಿದಾಗ ಅದರ ಬಡಿತ ನಿಧಾನವಾಯಿತು. ಅದರಲ್ಲಿದ್ದ ದ್ರವವನ್ನು ಇನ್ನೊಂದಕ್ಕೆ ಹಾಕಲು, ನರ ಮುಟ್ಟದಿದ್ದರೂ ಅದೂ ನಿಧಾನವಾಯಿತು! ನರದ ತುದಿಯಿಂದ ಒಂದು ರಸ ಒಸರುತ್ತದೆಂದು ಹೀಗೆ ತಿಳಿಯಿತು. ಅದರ ಹೆಸರು ಅಸಿಟೈಲ್‌ಕೋಲಿನ್. ನಮ್ಮ ಕೈಕಾಲಿಗೂ, ಉಸಿರಾಟದ ಸ್ನಾಯುಗಳಿಗೂ ಆಜ್ಞೆ ಮುಟ್ಟಿಸುವುದು ಇದೇ ರಸ.

ಮಡಿಗೆ ನೀರು ಬಿಟ್ಟವನು, ತುಂಬಿದ ಮೇಲೆ ಅದರ ಬಾಯಿ ಕಟ್ಟಬೇಕಷ್ಟೆ. ಹಾಗೆಯೇ ಆಜ್ಞೆ ಮುಟ್ಟಿದ ಕ್ಷಣವೇ ಈ ರಸವನ್ನು ಒಡೆದುಹಾಕುವ ಇನ್ನೊಂದು ವಸ್ತು ಮೈಯಲ್ಲಿದೆ. ಅದರಿಂದಲೇ ಎತ್ತಿದ ಕೈ ಇಳಿಯುತ್ತದೆ.

ಕ್ವಿನಾಲ್‌ಫಾಸ್, ಪ್ರೊಫೆನೋಫಾಸ್, ಕ್ಲೋರ್‌ಪೈರಿಫಾಸ್ ಮುಂತಾದ ಎಣ್ಣೆಗಳು ಬಾಯಿ ಕಟ್ಟುವ ಆ ವಸ್ತುವನ್ನೇ ಕೆಡಿಸುತ್ತವೆ. ಹುಳು ಸಾಯುವುದು ಇದರಿಂದಲೇ. ಮನುಷ್ಯನ ನರಕ್ಕೂ ಹುಳುವಿನ ನರಕ್ಕೂ ಈ ವಿಷಯದಲ್ಲಿ ಭೇದವಿಲ್ಲ. ರಸ ತುಂಬಿ ತುಳುಕಿದಾಗ ಬೆವರು, ಜೊಲ್ಲು, ಕಣ್ಣೀರು ಸುರಿಯುತ್ತವೆ, ವಾಂತಿಯಾಗುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಮಾಂಸಖಂಡ ಅದುರುತ್ತದೆ. ಅದುರಿ ಅದುರಿ ಕೊನೆಗೆ ಸ್ನಾಯು ಸೋಲುತ್ತದೆ. ಉಸಿರಾಟದ ಸ್ನಾಯು ಸೋತರೆ ಪ್ರಾಣವೇ ಹೋಗುತ್ತದೆ.

ಬಾಂಧವರೇ, ಎಣ್ಣೆ ಹೊಡೆದು ಬಂದವನ ಮೈ ಅದುರಿದರೆ ‘ಬಿಸಿಲಿನ ದಣಿವು, ಮಲಗಿದರೆ ಹೋಗುತ್ತದೆ’ ಎನ್ನಬೇಡಿರಿ. ಆ ಮಲಗಿಸುವಿಕೆಯೇ ಘಾತಕ. ತಕ್ಷಣ ಬಟ್ಟೆ ಕಳಚಿ, ಮೈ ಮತ್ತು ತಲೆಯನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆಯಿರಿ. ತೊಳೆಯುವವರು ತಮ್ಮ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ. ಎಣ್ಣೆಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಈ ವಿಷಕ್ಕೆ ಅಟ್ರೊಪಿನ್ ಎಂಬ ಮದ್ದಿದೆ. ಡಬ್ಬಿ ಕಂಡರೆ ವೈದ್ಯರಿಗೆ ವಿಷದ ಗುರುತು ಬೇಗ ಸಿಕ್ಕುತ್ತದೆ.

ವಿಷ ಬಾಯಿಯಿಂದಲೇ ಹೋಗಬೇಕೆಂದಿಲ್ಲ, ಚರ್ಮದಿಂದಲೂ ಇಳಿಯುತ್ತದೆ. ತೊಗರಿ ಎದೆಮಟ್ಟ ಬೆಳೆದಾಗ ಸಿಂಪಡಿಸಿದ್ದು ನಮ್ಮ ಮುಖಕ್ಕೇ ಬರುತ್ತದೆ. ಸೋರುವ ಪಂಪು ಬೆನ್ನನ್ನು ತೋಯಿಸುತ್ತದೆ. ಆದುದರಿಂದ ಪಂಪನ್ನು ಮುಂಚೆಯೇ ದುರಸ್ತಿ ಮಾಡಿಸಿರಿ. ತುಂಬುತೋಳಿನ ಅಂಗಿ, ಕೈಚೀಲ, ಮುಖವಸ್ತ್ರ ಇರಲಿ. ಗಾಳಿಗೆ ಬೆನ್ನು ಮಾಡಿ ಹೊಡೆಯಿರಿ. ಕಟ್ಟಿಕೊಂಡ ನಳಿಗೆಯನ್ನು ಬಾಯಿಯಿಂದ ಊದಬೇಡಿರಿ. ಕೈ ತೊಳೆಯದೆ ರೊಟ್ಟಿ ಮುರಿಯಬೇಡಿರಿ, ತಂಬಾಕು ತಿಕ್ಕಬೇಡಿರಿ.

ಎಣ್ಣೆಯನ್ನು ಕಾಳುಕಡಿಯ ಬಳಿ ಇಡಲೇಬಾರದು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಇದೇ ಜಾತಿಯ ವಿಷ ಸಾಗಣೆಯಲ್ಲಿ ಗೋಧಿಹಿಟ್ಟಿಗೆ ತಗುಲಿ, ಅದನ್ನು ಉಂಡ 100ಕ್ಕೂ ಹೆಚ್ಚು ಜನ ಸತ್ತರು. ಬರಿದಾದ ಡಬ್ಬಿಯಲ್ಲಿ ನೀರು ತುಂಬುವುದೂ ಬೇಡ.

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಆ ಹೆಸರನ್ನು ಗಳಿಸಿದ್ದು ನಿಮ್ಮ ತೋಳು. ಈ ವರ್ಷದ ರಾಶಿಯ ದಿನ ಆ ತೋಳು ಗಟ್ಟಿಯಾಗಿರಲಿ. ಇಂದು ಕೇಳಿದ್ದನ್ನು ಪಂಪು ಹೊರುವ ಮಗನಿಗೂ, ಕೂಲಿಯಾಳಿಗೂ ತಪ್ಪದೆ ಹೇಳಿರಿ.