ಹೊಲ ಮಾರಿದ ಹಣ

ಒಂದು ದೇಶ ಈ ವರ್ಷ ಶೇಕಡಾ 7ರಷ್ಟು ಬೆಳೆಯಿತು ಎಂದು ವಾರ್ತೆಯಲ್ಲಿ ಕೇಳಿದರೆ ನಮಗೆ ಸಂತೋಷವಾಗುತ್ತದೆ. ಆ ವರ್ಷ ಎಷ್ಟು ಉತ್ಪಾದನೆಯಾಯಿತು ಎಂಬುದನ್ನು ಆ ಅಂಕಿ ಹೇಳುತ್ತದೆ; ಅದಕ್ಕಾಗಿ ಏನನ್ನು ಕಳೆದುಕೊಂಡೆವು ಎಂಬುದನ್ನು ಹೇಳುವುದಿಲ್ಲ. ಬೆಳೆ ಮಾರಿದವನ ಕೈಯಲ್ಲೂ ಹಣ ಓಡಾಡುತ್ತದೆ, ಹೊಲವನ್ನೇ ಮಾರಿದವನ ಕೈಯಲ್ಲೂ ಓಡಾಡುತ್ತದೆ. ಇವೆರಡರ ವ್ಯತ್ಯಾಸ ಯಾವ ರೈತನಿಗೂ ಗೊತ್ತು. ಆದರೆ ರಾಷ್ಟ್ರೀಯ ಉತ್ಪನ್ನದ ಲೆಕ್ಕದಲ್ಲಿ ಅಗೆದು ಮಾರಿದ ಅದಿರು, ಕಡಿದು ಮಾರಿದ ಕಾಡು ಎಲ್ಲವೂ ಗಳಿಕೆಯೇ. ಮಾರಲು ನೆಲದೊಳಗಿನ ಸಂಪತ್ತಲ್ಲದೆ ಹೆಚ್ಚೇನೂ ಇಲ್ಲದ ಬಡ ದೇಶಗಳನ್ನು ಈ ಲೆಕ್ಕ ಸುಲಭವಾಗಿ ದಾರಿ ತಪ್ಪಿಸುತ್ತದೆ.

ಪೆಸಿಫಿಕ್ ಸಾಗರದ ನೌರು ದೇಶವನ್ನೇ ನೋಡಿ. ವಿಸ್ತೀರ್ಣ ಬರೀ 21 ಚದರ ಕಿಲೋಮೀಟರ್. ಗೊಬ್ಬರಕ್ಕೆ ಬೇಕಾದ ಫಾಸ್ಫೇಟನ್ನು ಅಲ್ಲಿ 1907ರಿಂದಲೇ ಹೊರಗಿನವರು ಅಗೆಯುತ್ತಿದ್ದರು. 1968ರಲ್ಲಿ ಸ್ವತಂತ್ರವಾದ ನೌರು ಗಣಿಗಳನ್ನು ತನ್ನ ಕೈಗೆ ತೆಗೆದುಕೊಂಡಿತು. 1970ರ ದಶಕದಲ್ಲಿ ಅದರ ತಲಾ ಆದಾಯ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಆ ಹಣದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 52 ಅಂತಸ್ತಿನ ಕಟ್ಟಡ ಎದ್ದಿತು. ಫಾಸ್ಫೇಟ್ ಬರಿದಾಗುತ್ತಾ ಬಂದಾಗ ಉಳಿದದ್ದು ಸಾಲ. 2004ರಲ್ಲಿ ಆ ಕಟ್ಟಡವೂ ಮಾರಾಟವಾಯಿತು. ಫಾಸ್ಫೇಟ್ ಅಗೆದು ತೆಗೆದ ದ್ವೀಪದ ಹೆಚ್ಚಿನ ಭಾಗದಲ್ಲಿ ಈಗ ಆಳೆತ್ತರಕ್ಕೂ ಮೀರಿದ ಸುಣ್ಣಕಲ್ಲಿನ ಮೊನೆಗಳು ನಿಂತಿವೆ. ಅವುಗಳ ಸಂದಿನಲ್ಲಿ ಬಿತ್ತುವಂತಿಲ್ಲ, ಮನೆ ಕಟ್ಟುವಂತಿಲ್ಲ. ಜನ ಕಡಲಂಚಿನ ಕಿರಿದಾದ ಪಟ್ಟಿಯಲ್ಲೇ ಬದುಕುತ್ತಿದ್ದಾರೆ.

ಹಸಿದವರಿಗೆ ನಾಳೆಯ ಮಾತೇಕೆ, ಮೊದಲು ದೇಶ ಬೆಳೆಯಲಿ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಡತನವನ್ನು ಬದಿಗಿಟ್ಟು ಪರಿಸರದ ಮಾತಾಡಲಾಗದು ಎಂದು 1972ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಇಂದಿರಾ ಗಾಂಧಿಯವರೂ ವಾದಿಸಿದ್ದರು. ನನ್ನ ಉತ್ತರ ಆಫ್ರಿಕಾದ ಬೋಟ್ಸ್ವಾನಾದಲ್ಲಿದೆ. 1966ರಲ್ಲಿ ಸ್ವತಂತ್ರವಾದಾಗ ಅಲ್ಲಿ ಡಾಂಬರು ರಸ್ತೆ ಇದ್ದದ್ದು 12 ಕಿಲೋಮೀಟರ್, ಪದವೀಧರರು 22 ಮಂದಿ. ಮರುವರ್ಷ ವಜ್ರ ಸಿಕ್ಕಿತು. ಅವರೂ ಅಗೆದರು, ಮಾರಿದರು. ಆದರೆ ಆ ಹಣವನ್ನು ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಹಾಕಿದರು. ಖನಿಜದ ಆದಾಯವನ್ನು ಶಿಕ್ಷಣ, ಆರೋಗ್ಯ ಮತ್ತು ಅಭಿವೃದ್ಧಿ ಕೆಲಸಗಳಿಗೇ ಬಳಸಬೇಕೆಂಬ ಸೂತ್ರವನ್ನು 1990ರ ದಶಕದಲ್ಲಿ ರೂಪಿಸಿಕೊಂಡರು. ಉಳಿಕೆಗೆಂದು ಪುಲಾ ನಿಧಿ ಕಟ್ಟಿದರು. ಅವರ ಭಾಷೆಯಲ್ಲಿ ಪುಲಾ ಎಂದರೆ ಮಳೆ. ಅಲ್ಲಿ ಅಸಮಾನತೆ ಈಗಲೂ ತೀವ್ರವಾಗಿದೆ, ಪ್ರಯೋಗಾಲಯದಲ್ಲಿ ತಯಾರಾದ ವಜ್ರಗಳು ಬಂದ ಮೇಲೆ ವರಮಾನವೂ ಕುಗ್ಗಿದೆ, ನಿಜ. ಆದರೂ ಬೆಳವಣಿಗೆ ಬೇಕೋ ನಾಳೆ ಬೇಕೋ ಎಂದು ಒಂದನ್ನೇ ಆರಿಸಿಕೊಳ್ಳಲೇಬೇಕಾದ ಸ್ಥಿತಿ ಬಡ ದೇಶಕ್ಕೆ ಇಲ್ಲವೆಂಬುದನ್ನು ಬೋಟ್ಸ್ವಾನಾ ತೋರಿಸಿಕೊಟ್ಟಿತು. ನೆಲ ಕಳೆದುಕೊಂಡದ್ದು ಓದುಬರಹವಾಗಿ, ಆರೋಗ್ಯವಾಗಿ ಜನರಲ್ಲಿ ಉಳಿಯಬೇಕು.

ನಮ್ಮ ಬಳ್ಳಾರಿಯ ಕಬ್ಬಿಣದ ಗಣಿಗಳ ಕೆಂಪು ಧೂಳು ಈ ಲೆಕ್ಕದ ಹೊರಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿ ಗಣಿಗಾರಿಕೆ ನಿಲ್ಲಿಸಿತು. ಬಳಿಕ ಮತ್ತೆ ಅಗೆಯಲು ಬಿಟ್ಟು, 2013ರಲ್ಲಿ ವರ್ಷಕ್ಕೆ ಎರಡೂವರೆ ಕೋಟಿ ಟನ್ ಅದಿರಿನ ಮಿತಿ ಹಾಕಿತು. 2022ರಲ್ಲಿ ಆ ಮಿತಿ ಮೂರೂವರೆ ಕೋಟಿಗೆ ಏರಿತು. ಗಣಿಬಾಧಿತ ಊರುಗಳಿಗಾಗಿ ಗಣಿ ಇರುವ ಜಿಲ್ಲೆಗಳಲ್ಲಿ ಖನಿಜ ಪ್ರತಿಷ್ಠಾನ ಇರಬೇಕೆಂದು 2015ರ ಕಾನೂನು ಹೇಳುತ್ತದೆ. ಅದರ ಹಣದಲ್ಲಿ ಎಷ್ಟು ಶಾಲೆಗಳು ಎದ್ದವು, ಎಷ್ಟು ಹಳ್ಳಿಗಳಿಗೆ ಕುಡಿಯುವ ನೀರು ಬಂತು ಎಂದು ಗಣಿ ಜಿಲ್ಲೆಗಳ ಕೇಳುಗರು ತಮ್ಮ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು.