ಗುಟ್ಟಿನ ಹೆಸರು, ಸಾರುವ ಹೆಸರು



ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುತ್ತಾರೆ. ಸೈನ್ಯದಲ್ಲಿ ಮಾತ್ರ ಕಾರ್ಯಾಚರಣೆ ಹುಟ್ಟುವ ಮೊದಲೇ ಅದಕ್ಕೆ ನಾಮಕರಣವಾಗಿರುತ್ತದೆ. ಎಲ್ಲಿ, ಯಾವಾಗ, ಯಾರ ಮೇಲೆ ಎಂಬುದನ್ನು ಬಾಯಿಬಿಡದೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಒಂದು ಹೆಸರು ಬೇಕು. ಅದನ್ನು ಕೇಳಿದ ಹೊರಗಿನವನಿಗೆ ಉದ್ದೇಶ ಹೊಳೆಯಬಾರದು.

ಬ್ರಿಟನ್ನಿನ ಪ್ರಧಾನಿ ಚರ್ಚಿಲ್ 1943ರಲ್ಲಿ ಇನ್ನೊಂದು ಕಟ್ಟಳೆ ಸೇರಿಸಿದರು. ಹೆಸರು ಜಂಬದ್ದಾಗಬಾರದು, ಹುಡುಗಾಟದ್ದೂ ಆಗಬಾರದು. ಮಗ ಎಂಥದೋ ತಮಾಷೆಯ ಹೆಸರಿನ ಕಾರ್ಯಾಚರಣೆಯಲ್ಲಿ ಸತ್ತನೆಂದು ಹೇಳಿಕೊಳ್ಳುವ ಪಾಡು ಯಾವ ತಾಯಿಗೂ ಬರಬಾರದು ಎಂಬುದು ಅದರ ತಾತ್ಪರ್ಯ.

ಗುಟ್ಟು ಕಾಯುವ ಹೆಸರಿನಂತೆ ಸಾರುವ ಹೆಸರೂ ಉಂಟು. ಗೋವಾ ವಿಮೋಚನೆಗೆ 1961ರಲ್ಲಿ ಇಟ್ಟ ‘ವಿಜಯ್’ 1999ರಲ್ಲಿ ಕಾರ್ಗಿಲ್‌ಗೂ ಬಂತು. 1984ರಲ್ಲಿ ಸಿಯಾಚಿನ್ ಹಿಮನದಿಗೆ ಹೋದ ಪಡೆಗೆ ಕಾಳಿದಾಸನ ‘ಮೇಘದೂತ’ ಒದಗಿತು.

ಕನ್ನಡ ನಾಡಿಗೆ ಹತ್ತಿರದ್ದು ‘ಆಪರೇಷನ್ ಪೋಲೊ’. ಹೈದರಾಬಾದಿನಲ್ಲಿ ಪೋಲೊ ಮೈದಾನಗಳು ಹೆಚ್ಚಿದ್ದುದರಿಂದ ಈ ಹೆಸರು ಎಂಬುದು ರೂಢಿಯ ವಿವರಣೆ. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಪಡೆ ನಿಜಾಮನ ಸಂಸ್ಥಾನದೊಳಕ್ಕೆ ನುಗ್ಗಿತು. 17ರಂದು ನಿಜಾಮ ಶರಣಾದ. ಯಲಿಯೂರಿನ ಕಡೆಯವರಿಗೆ ಸ್ವಾತಂತ್ರ್ಯವೆಂದರೆ 1947. ಬೀದರ, ಕಲಬುರ್ಗಿ, ರಾಯಚೂರಿನವರಿಗೆ ಅದು ಬಂದದ್ದು ಆ ದಿನ.

ಆದರೆ ಅಲ್ಲಿನ ಜನರ ಬಾಯಲ್ಲಿ ಉಳಿದದ್ದು ‘ಪೋಲೊ’ ಅಲ್ಲ, ‘ಪೊಲೀಸ್ ಆಕ್ಷನ್’. ಹೋದದ್ದು ಟ್ಯಾಂಕುಗಳಿದ್ದ ಸೈನ್ಯ, ಪೊಲೀಸ್ ಎಂದದ್ದೇಕೆ? ಹೈದರಾಬಾದು ಆಗಲೇ ವಿಶ್ವಸಂಸ್ಥೆಗೆ ದೂರು ಕೊಟ್ಟಿತ್ತು. ಯುದ್ಧವೆಂದರೆ ಅದು ಎರಡು ದೇಶಗಳ ವ್ಯಾಜ್ಯ. ಪೊಲೀಸ್ ಎಂದರೆ ಮನೆಯೊಳಗಿನ ವಿಚಾರ.

ರಜಾಕಾರರ ಹಾವಳಿಯಲ್ಲಿ ಬೆಂದ ಹಳ್ಳಿಗಳಿಗೆ ಅದು ನಿಜವಾದ ಬಿಡುಗಡೆ. ಆದರೆ ಆ ದಿನಗಳಲ್ಲೂ ಆಮೇಲೂ ಕೊಲೆ, ಲೂಟಿ ನಡೆದವು. 27 ರಿಂದ 40 ಸಾವಿರ ಜನ ಸತ್ತರೆಂದು ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ, ಕಲಬುರ್ಗಿ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ.

ಸೈನ್ಯದ ಕಾಗದದಲ್ಲಿ ಆಟದ ಹೆಸರು, ಲೋಕದೆದುರು ಪೊಲೀಸರ ಹೆಸರು. ಬಿಡುಗಡೆಯಾದವನ ಹರ್ಷವಾಗಲಿ, ಸತ್ತವನ ಮನೆಯ ಗೋಳಾಗಲಿ ಈ ಎರಡರಲ್ಲೂ ಇಲ್ಲ. ಹೀಗಾಗಿ ಕಾರ್ಯಾಚರಣೆಯ ಹೆಸರು ಕಿವಿಗೆ ಬಿದ್ದಾಗ, ಅದನ್ನು ಯಾರು ಇಟ್ಟರು, ಯಾರು ಕೇಳಲೆಂದು ಇಟ್ಟರು ಎಂದು ವಿಚಾರಿಸುವುದು ಒಳ್ಳೆಯದು.