ಗಾಂಜಾ ಪೊಟ್ಟಣದ ಹಿಂದಿನ ಕಾಯಿಲೆ
(ಗಿರಣಿ ಕಾರ್ಮಿಕರ ಮತ್ತು ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)

ಬಂಧುಗಳೇ, ಬೋನಸ್ಸಿನ ಮಾತು ಮುಗಿಯಿತು. ಇನ್ನು, ಸಭೆಗೆ ತಾರದೆ ಮನೆಯೊಳಗೇ ನುಂಗಿಕೊಂಡಿರುವ ಒಂದು ಸಂಗತಿಯನ್ನು ಹೇಳಬೇಕಾಗಿದೆ.

ನಾವು ಮೇಷ್ಟರಾಗಿದ್ದಾಗ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ಚುರುಕು. ಇದ್ದಕ್ಕಿದ್ದಂತೆ ಮಂಕಾದ, ಊಟ ಸೇರದು, ನಿದ್ದೆ ಬಾರದು, ಗೆಳೆಯರು ಬೇಡ. ಆಮೇಲೆ ಗಾಂಜಾ ಹಿಡಿದ. ಜೇಬಿನಲ್ಲಿ ಪೊಟ್ಟಣ ಸಿಕ್ಕಿದ ದಿನ ನಾವೇ ಬೆತ್ತ ಎತ್ತಿದೆವು, ಶಾಲೆಯಿಂದ ಹೆಸರು ತೆಗೆಸಿದೆವು. ಮುಂದೆ ಅವನಿಗೆ ಗೋಡೆಯಾಚೆಯಿಂದ ಯಾರೋ ಬೈಯುವ ದನಿ ಕೇಳಿಸತೊಡಗಿತು. ತಂದೆ ಗಿರಣಿಯ ಸ್ಪಿನ್ನಿಂಗ್ ಖಾತೆಯವರು. ಸಾಲ ಮಾಡಿ ದೇವಸ್ಥಾನಗಳನ್ನು ಸುತ್ತಿಸಿದರು. ಆಸ್ಪತ್ರೆ ಕಾಣುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಪೊಟ್ಟಣ ಕಂಡ ನಮಗೆ ಅದರ ಹಿಂದಿನ ಮಂಕು ಕಾಣಲಿಲ್ಲ.

ಗಾಂಜಾ ಸೇದಿದವರೆಲ್ಲ ಹುಚ್ಚರಾಗುತ್ತಾರೆಂದು ನಾವು ಹೇಳುವುದಿಲ್ಲ. ಅದು ಸುಳ್ಳು, ಸುಳ್ಳೆಂದು ಹುಡುಗರಿಗೂ ಗೊತ್ತು. ಆದರೆ ಹುಡುಗರ ಮಿದುಳು ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಹಿಂದುಮುಂದು ಯೋಚಿಸುವ ಭಾಗ ಬಲಿಯುವುದು ಎಲ್ಲಕ್ಕಿಂತ ಕೊನೆಗೆ. ಸ್ವೀಡನ್ ದೇಶದಲ್ಲಿ ಸೈನ್ಯಕ್ಕೆ ಕರೆಸಿದ್ದ ಸುಮಾರು ೪೫,೦೦೦ ತರುಣರನ್ನು ೧೫ ವರ್ಷ ಗಮನಿಸಿ ೧೯೮೭ರಲ್ಲಿ ಲೆಕ್ಕ ಪ್ರಕಟಿಸಿದರು. ಐವತ್ತಕ್ಕಿಂತ ಹೆಚ್ಚು ಸಲ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ, ಸೇದದವರಿಗಿಂತ ಆರು ಪಟ್ಟು. ಅದರಲ್ಲಿ ಒಂದು ಪಾಲು ಮೊದಲೇ ಮನಸ್ಸು ಕದಡಿದ್ದವರದು. ಆ ಪಾಲನ್ನು ಕಳೆದರೂ ಎರಡು ಪಟ್ಟಿಗೂ ಮಿಗಿಲು ಉಳಿಯಿತು.

ಮನಸ್ಸು ಕದಡಿದ ಹುಡುಗ ಸೇದುವುದೇಕೆ? ಒಂದು ಗಳಿಗೆ ಹಗುರವಾಗುತ್ತದೆ. ಅಭ್ಯಾಸ ಬಲಿತ ಮೇಲೆ, ಮತ್ತು ಇಳಿದಾಗ ನಿದ್ದೆಗೇಡು, ಸಿಡುಕು, ದಿಗಿಲು, ಮತ್ತೆ ಸೇದಬೇಕು. ಮೀಟರ್ ಬಡ್ಡಿಯ ಸಾಲ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಕಾರ ಮಿತ್ರರಿಗೆ ಒಂದು ಮಾತು. ಪಂಕ್ಚರ್ ಸಲ್ಯೂಷನ್ನು, ವೈಟ್ನರು ಕೇಳಿಕೊಂಡು ಅದೇ ಹುಡುಗ ದಿನವೂ ಬಂದರೆ ಅವನ ಬಳಿ ಸೈಕಲ್ ಇದೆಯೇ ಎಂದು ನೋಡಿ. ೨೦೧೯ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ಅಮಲು, ಹೀಗೆ ಮೂಸುವ ಪದಾರ್ಥಗಳದೊಂದೇ.

ಮೊದಲು ಚಟ ಬಿಡಲಿ, ಆಮೇಲೆ ಮನಸ್ಸಿನ ಔಷಧ ಎಂದು ಕಾಯಬೇಡಿ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಡಾಕ್ಟರ ಮುಂದೆ ಎರಡನ್ನೂ ಮುಚ್ಚಿಡದೆ ಹೇಳಬೇಕು. ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಿ ಇನ್ನೊಂದು ಮನೆಯ ಹೆಣ್ಣುಮಗಳನ್ನು ಹಾಳುಮಾಡಬೇಡಿ. ೨೦೨೨ರಲ್ಲಿ ಶುರುವಾದ ಟೆಲಿ ಮಾನಸ್‌ಗೆ, ೧೪೪೧೬ಕ್ಕೆ, ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ.

ಸಭೆ ಮುಗಿದ ಮೇಲೆ ನಾವು ಹಿಂದಿನ ಕೋಣೆಯಲ್ಲಿ ಇರುತ್ತೇವೆ. ತಾಯಂದಿರೂ ಬರಬಹುದು. ಜಿಲ್ಲಾ ಆಸ್ಪತ್ರೆಗೆ ಒಬ್ಬರೇ ಹೋಗಲು ಸಂಕೋಚವಾದರೆ, ಪಾಳಿ ಬಿಡುವಿನ ದಿನ ಹೇಳಿ, ಜೊತೆಗೆ ಬರುತ್ತೇವೆ.